ಸೀರೆಯ ಘಡಿಯೊಳಗಿನ ಪುಟ

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಸೀರೆ ಅಂಗಡಿಯಲ್ಲಿ ಕೂತಾಗ ಆ ಎಡವಟ್ಟ ನಾನೇ. ಬಂದವರೆಲ್ಲ ಸೆರಗು ನೋಡುತ್ತಾರೆ, ಅಂಚು ನೋಡುತ್ತಾರೆ, ಬಣ್ಣ ಬಿಡುತ್ತದೋ ಎಂದು ಬೆರಳು ಒದ್ದೆ ಮಾಡಿಕೊಂಡು ತಿಕ್ಕಿ ನೋಡುತ್ತಾರೆ. ನಾನು ಸೀರೆಯ ಘಡಿಯೊಳಗೆ ಕೈ ತೂರಿಸಿ ಕಾಗದ ಎಳೆಯುತ್ತೇನೆ. ಮಡಿಕೆಗೆ ನಮ್ಮ ಕಡೆ ಘಡಿ ಎನ್ನುತ್ತೇವೆ. ನೂಲಿನ ಸೀರೆಯ ಘಡಿ ಕುಸಿಯದೆ ನೆಟ್ಟಗಿರಲಿ ಎಂದು ಒಳಗೊಂದು ರದ್ದಿ ಹಾಳೆ ಇಟ್ಟಿರುತ್ತಾರೆ. ಎರಡೂ ಮಗ್ಗಲು ತಿರುವಿ ಅದನ್ನು ಓದಿ, ನಿಟ್ಟುಸಿರು ಬಿಟ್ಟು, ಮತ್ತೆ ಒಳಗೆ ತುರುಕುತ್ತೇನೆ. ಅಷ್ಟರಲ್ಲಿ ಘಡಿ ಕೆಟ್ಟಿರುತ್ತದೆ.

ಹೋದ ತಿಂಗಳು ಜಮಖಂಡಿಯ ಪೇಟೆಯಲ್ಲಿ ಹೀಗೆ ನಾಲ್ಕನೆಯ ಸೀರೆಗೆ ಕೈ ಹಾಕಿದಾಗ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ.

"ಅಲ್ರೀ, ನಾ ಸೀರಿ ತಗೊಳ್ಳಾಕ ಬಂದೇನಿ. ನೀವು ರದ್ದಿ ತಗೊಳ್ಳಾಕ ಬಂದೀರೇನು?"

ಅಂಗಡಿಯವನು ಒಳ್ಳೆಯ ಮನುಷ್ಯ. "ಸಾಹೇಬ್ರ, ಪೇಪರ ಓದೂದಿದ್ರ ಇವತ್ತಿಂದ ಐತ್ರಿ, ಕೊಡ್ಲೇನ್ರಿ?" ಎಂದ.

ಈ ಚಟ ಹಳೆಯದಲ್ಲ, ಈ ವರ್ಷ ಅಂಟಿಕೊಂಡದ್ದು. ನಾನು ಹುಡುಕುವುದು ಆರು ವರ್ಷದ ಹಿಂದೆ ಯಾವುದೋ ಸೀರೆಯೊಳಗೆ ಹೋದ ಒಂದು ಹಾಳೆಯನ್ನು. ಅದು ಇಂದಿನ ಸೀರೆಯಲ್ಲಿ ಸಿಗುವುದಿಲ್ಲ ಎಂದು ತಿಳಿಯದಷ್ಟು ದಡ್ಡನೇನಲ್ಲ. ಆದರೂ ಕೈ ಕೇಳುವುದಿಲ್ಲ. ಆ ಹಾಳೆಯ ಮೇಲೆ ನಾನು ಬರೆದ ಕಥೆಯೊಂದರ ನಡುಭಾಗವಿತ್ತು. ಅದರ ಸಂಗತಿಯನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಾನು ಕಥೆ ಬರೆಯುತ್ತೇನೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಬೇಸರವಿಲ್ಲ, ನಮ್ಮ ಓಣಿಗೂ ಗೊತ್ತಿಲ್ಲ. ಜಮಖಂಡಿಯ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದೆ. ಈ ಮೂವತ್ತು ವರ್ಷದಲ್ಲಿ ಇಪ್ಪತ್ತೆರಡು ಕಥೆ ಬೆಂಗಳೂರಿನ ಮಾಸಪತ್ರಿಕೆಗಳಲ್ಲಿ ಅಚ್ಚಾಗಿವೆ. ಕಳಿಸಿದ ಮೇಲೆ ಆರು ತಿಂಗಳು ಅತ್ತ ಕಡೆಯಿಂದ ಸದ್ದೇ ಇರುವುದಿಲ್ಲ. ಏಳನೆಯ ತಿಂಗಳು ಹೇಳದೆ ಕೇಳದೆ ಅಂಚೆಯಲ್ಲಿ ಗೌರವ ಪ್ರತಿ ಬಂದು ಬೀಳುತ್ತದೆ. "ಸಾಹೇಬ್ರ, ನಿಮ್ಮ ಸಂಘದ ಪುಸ್ತಕ ಬಂತ್ರಿ" ಎಂದು ಅಂಚೆಯವನು ಕೊಟ್ಟು ಹೋಗುತ್ತಾನೆ. ಯಾವ ಸಂಘ ಎಂದು ನಾನು ಕೇಳಿಲ್ಲ.

ಮೊದಮೊದಲು ಅದನ್ನು ಕೋರ್ಟಿಗೆ ಒಯ್ದು ಮೇಜಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ, ಆದರೆ ನಾನೇ ಇಟ್ಟಂತೆ ಕಾಣದ ಹಾಗೆ ಇಡುತ್ತಿದ್ದೆ. ಒಮ್ಮೆ ನಮ್ಮ ಹಿರಿಯ ಗುಮಾಸ್ತರು ಕೈಗೆತ್ತಿಕೊಂಡು ನನ್ನ ಕಥೆಯ ಪುಟವನ್ನೇ ತೆರೆದರು. ಬಹಳ ಹೊತ್ತು ನೋಡಿದರು.

"ಈ ಚಿತ್ರಾನೂ ನೀವ ತಗದೀರೇನ್ರಿ?"

"ಇಲ್ರಿ, ಅದನ್ನ ಪತ್ರಿಕೆಯವರು ತಗಸ್ತಾರ್ರಿ."

"ಚಿತ್ರ ಛಲೋ ಬಂದೈತಿ" ಎಂದು ಹೇಳಿ ಕೆಳಗಿಟ್ಟರು.

ಮನೆಯಲ್ಲಿ ಹೆಂಡತಿ ನನ್ನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಿ, ಕುಂಕುಮ ಹಚ್ಚಿ ದೇವರ ಮುಂದಿಡುತ್ತಾಳೆ. ದೇವರಾದರೂ ಓದುತ್ತಾನೋ ಏನೋ. ಈಚೆಗೆ ಮಗಳು ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. ಹತ್ತಾರು ಹೆಬ್ಬೆರಳು ಏಳುತ್ತವೆ. ಮುಧೋಳದ ನಮ್ಮ ಷಡ್ಡಕರು ಪ್ರತಿ ಸಲವೂ ಹುಟ್ಟುಹಬ್ಬದ ಶುಭಾಶಯ ಕೋರುತ್ತಾರೆ. ವರ್ಷಕ್ಕೆರಡು ಸಲ ಹುಟ್ಟಿದರೂ ಅವರಿಗೆ ಅನುಮಾನ ಬಂದಿಲ್ಲ.

ನಗುತ್ತ ಹೇಳುತ್ತಿದ್ದೇನೆ, ಆದರೆ ಅದರೊಳಗಿನ ಒಂಟಿತನ ಸಣ್ಣದಲ್ಲ. ಬರೆಯುವಾಗಿನ ಒಂಟಿತನ ಹಿತವಾಗಿರುತ್ತದೆ. ಅಚ್ಚಾದ ಮೇಲಿನದು ಹಾಗಲ್ಲ. ಯಾರದೋ ಮನೆಯ ಬಾಗಿಲು ಬಡಿದು, ಒಳಗೆ ದೀಪವಿದ್ದೂ ಯಾರೂ ತೆರೆಯದೆ ಇದ್ದರೆ ಹೊರಗೆ ನಿಂತವನಿಗೆ ಏನನಿಸುತ್ತದೋ ಅದು. ನನಗೆ ಆ ಅನುಭವ ತುಸು ಕಡಿಮೆ ಕಾಡಿದ್ದರೆ ಅದಕ್ಕೆ ಕಾರಣ ಚನ್ನಬಸು.

ಚನ್ನಬಸು ಬನಹಟ್ಟಿಯವನು. ನಾನೂ ಅಲ್ಲಿಯವನೇ, ನೇಕಾರರ ಮನೆಯ ಮಗ, ನೌಕರಿ ಸಿಕ್ಕ ಮೇಲೆ ಜಮಖಂಡಿಗೆ ಬಂದವನು. ನಮ್ಮಿಬ್ಬರದೂ ಒಂದೇ ಓಣಿ, ಒಂದೇ ಸಾಲೆ. ಅವನ ಸೋದರಮಾವನದು ಸೀರೆಯ ಸಗಟು ಅಂಗಡಿ. ಅಲ್ಲಿ ಸೀರೆಗೆ ಘಡಿ ಹಾಕುವುದಕ್ಕೆ ಅವನನ್ನು ಏಳನೆಯ ಇಯತ್ತೆಯಲ್ಲೇ ಕೂರಿಸಿದರು. ಇಂದಿಗೂ ಅದೇ ಗಾದಿಯ ಮೇಲೆ ಕೂತಿದ್ದಾನೆ. ಪಕ್ಕದಲ್ಲಿ ರದ್ದಿಯ ರಾಶಿ. ಅದರಿಂದ ಒಂದೊಂದೇ ಹಾಳೆ ತೆಗೆದು ಘಡಿಯೊಳಗೆ ಇಡಬೇಕು. ಇಡುವ ಮುಂಚೆ ಅದನ್ನು ಓದುವುದು ಅವನ ರೂಢಿ. ಹೀಗಾಗಿ ಅವನು ಓದಿದ್ದೆಲ್ಲ ಬಿಡಿ ಹಾಳೆಗಳು. ತಲೆ ಇದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ.

ಹುಡುಗರಾಗಿದ್ದಾಗ ಅಂಥ ಹಾಳೆಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ನನ್ನ ಹತ್ತಿರ ತರುತ್ತಿದ್ದ. "ಲೇ ಶಂಕ್ರ್ಯಾ, ಮುಂದೇನಾತ ಹೇಳಲೇ" ಎನ್ನುತ್ತಿದ್ದ. ನನಗೇನು ಗೊತ್ತು? ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ಹಾಳೆಯಲ್ಲಿ ಒಬ್ಬ ಹೆಂಗಸು ಟ್ರಂಕು ಹಿಡಿದುಕೊಂಡು ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಳು. ಟ್ರಂಕಿನಲ್ಲಿ ಹಾವಿದೆ ಎಂದೆ. ಚನ್ನಬಸು ಎರಡು ದಿನ ತಮ್ಮ ಮನೆಯ ಟ್ರಂಕು ಮುಟ್ಟಲಿಲ್ಲ. ಮುಂದೆ ಅದೇ ಪುಸ್ತಕದ ಇನ್ನೊಂದು ಹಾಳೆ ಸಿಕ್ಕಿತು. ಟ್ರಂಕಿನಲ್ಲಿ ಇದ್ದದ್ದು ಗಂಡನ ಹಳೆಯ ಅಂಗಿಗಳು. ಚನ್ನಬಸುವಿಗೆ ಭಾರಿ ನಿರಾಸೆಯಾಯಿತು. "ನಿಂದ ಛಲೋ ಇತ್ತಲೇ" ಎಂದ. ನನಗೆ ಸಿಕ್ಕ ಮೊದಲ ವಿಮರ್ಶೆ ಅದು. ಅದಕ್ಕಿಂತ ಒಳ್ಳೆಯದು ಆಮೇಲೆ ಸಿಕ್ಕಿಲ್ಲ.

ಬರೆಯಲು ಶುರುಮಾಡಿದ ಮೇಲೆ ಪ್ರತಿ ಕಥೆಯನ್ನೂ ಪತ್ರಿಕೆಗೆ ಕಳಿಸುವ ಮೊದಲು ಬನಹಟ್ಟಿಯ ಬಸ್ಸು ಹತ್ತಿ ಹೋಗಿ ಅವನಿಗೆ ಓದಿ ಹೇಳುತ್ತಿದ್ದೆ. ಅಂಗಡಿಯ ಹಿಂದೆಯೇ ಪವರ್‌ಲೂಮುಗಳು. ಆ ಕಟಕಟ ಸದ್ದಿನ ಮೇಲೆ ಕೇಳಿಸಬೇಕೆಂದರೆ ಎಲ್ಲವನ್ನೂ ಕೂಗಿ ಓದಬೇಕು. ನಾಯಕ ನಾಯಕಿಯ ಕಿವಿಯಲ್ಲಿ ಪಿಸುಗುಟ್ಟಿದ ಮಾತನ್ನೂ ನಾನು ಗಂಟಲು ಹರಿಯುವಂತೆ ಒದರುತ್ತಿದ್ದೆ. ಹಾದಿಯಲ್ಲಿ ಹೋಗುವವರು ಒಳಗೆ ಇಣುಕಿ, "ಏನ್ರೀ, ಜಗಳೇನು?" ಎಂದು ಕೇಳಿದ್ದುಂಟು. ಚನ್ನಬಸು ತಲೆ ಎತ್ತುತ್ತಿರಲಿಲ್ಲ, ಹೂಂಗುಟ್ಟುತ್ತಿರಲಿಲ್ಲ, ಘಡಿ ಹಾಕುತ್ತಲೇ ಇರುತ್ತಿದ್ದ. ಆದರೆ ಕಥೆ ಹಿಡಿದರೆ ಒಂದು ಕಡೆ ಅವನ ಕೈ ನಿಲ್ಲುತ್ತಿತ್ತು. ಅರ್ಧ ಮಡಿಚಿದ ಸೀರೆ ಹಾಗೇ ತೊಡೆಯ ಮೇಲೆ. ಕೈ ನಿಂತ ಕಥೆಯನ್ನು ಅಂಚೆಗೆ ಹಾಕುತ್ತಿದ್ದೆ, ನಿಲ್ಲದ್ದನ್ನು ಮನೆಗೆ ತಂದು ತಿದ್ದುತ್ತಿದ್ದೆ. ನನ್ನ ಇಪ್ಪತ್ತೆರಡು ಕಥೆಗಳಲ್ಲಿ ಅವನಿಗೆ ಓದಿ ಹೇಳದೆ ಕಳಿಸಿದ್ದು ಒಂದೇ ಒಂದು.

ಅದು ಅವನ ಕಥೆಯೇ ಆಗಿತ್ತು.

ಚನ್ನಬಸುವಿನ ಹೆಂಡತಿ ಗೌರವ್ವ, ಗಲಗಲಿಯವಳು, ಹೊಳೆದಂಡೆಯ ಊರಿನ ಹುಡುಗಿ. ಮದುವೆಯಾಗಿ ಹನ್ನೊಂದು ವರ್ಷ ಸಂಸಾರ ಮಾಡಿ, ಒಂದು ದಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬಡಿದಾಟವಿಲ್ಲ, ಕುಡಿತವಿಲ್ಲ, ಪಂಚಾಯಿತಿ ಸೇರಲಿಲ್ಲ. ಯಾಕೆ ಹೋದಳು ಎಂದು ಓಣಿಯವರು ನಾಲ್ಕು ದಿನ ಆಡಿಕೊಂಡು ಸುಮ್ಮನಾದರು. ಚನ್ನಬಸು ನನಗೆ ಹೇಳಿದ್ದು ಒಂದೇ ಮಾತು. ಪಕ್ಕದ ಮನೆಯ ಲೂಮುಗಳಿಗೆ ಅವರ ಮನೆಯ ಗೋಡೆ ಹಗಲೆಲ್ಲ ಅದುರುತ್ತದೆ. ಹೊರಡುವ ದಿನ ಗೌರವ್ವ ಆ ಗೋಡೆಗೆ ಕೈ ಹಚ್ಚಿ, "ಈ ಮನ್ಯಾಗ ಗ್ವಾಡಿಗೂ ಮಾತ ಬರ್ತಾವ, ನಿಮಗ ಬರೂದಿಲ್ಲ" ಎಂದಳಂತೆ.

ಕೇಳಿದ ಕೂಡಲೇ ನನಗೆ ಕಥೆ ಸಿಕ್ಕಿತು ಎನಿಸಿತು ನೋಡಿ. ಗೆಳೆಯನಿಗೆ ಹೀಗಾಯಿತಲ್ಲ ಎಂಬ ಮರುಕ ಆಮೇಲೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ. ಹದಿನೈದು ದಿನದಲ್ಲಿ ಕಥೆ ಮುಗಿಸಿದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಗೋಡೆಯ ಮಾತನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಗಂಡನನ್ನು ಬಿಗುಮಾನದ ಮನುಷ್ಯನನ್ನಾಗಿ ಮಾಡಿದೆ. ಹೆಂಡತಿ ಹೋದ ಮೇಲೆ ಅವನು ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಕೂರುತ್ತಾನೆ, ಆದರೆ ಕರೆಯಲು ಒಂದು ಸಲವೂ ಹೋಗುವುದಿಲ್ಲ. ಅಲ್ಲಿಗೇ ಕಥೆ ಮುಗಿಯುತ್ತದೆ.

ಅಚ್ಚಾಯಿತು. ಮುಂದಿನ ಸಂಚಿಕೆಯ ಓದುಗರ ಅಂಕಣದಲ್ಲಿ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ನಾಲ್ಕು ಪತ್ರ ಬಂದವು. ನಾಲ್ಕೂ ಜನ ಆ ಗಂಡನನ್ನು ಬೈದಿದ್ದರು. ಕಲ್ಲು ಮನಸ್ಸಿನವನೆಂದು ಒಬ್ಬರು, ಅಹಂಕಾರದ ಮೂಟೆ ಎಂದು ಇನ್ನೊಬ್ಬರು. ನಾನು ಆ ಪತ್ರಗಳನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀವು ನಗುತ್ತೀರಿ. ಎಲ್ಲೋ ಇರುವ ನಾಲ್ಕು ಮಂದಿ ನನ್ನ ಕಥೆಯನ್ನು ಕೊನೆಯವರೆಗೂ ಓದಿದ್ದರು.

ಖುಷಿಯ ಹಿಂದೆಯೇ ಹೆದರಿಕೆ ಬಂತು. ಆ ಸಲ ಗೌರವ ಪ್ರತಿ ಎರಡು ಬಂದಿದ್ದವು. ಒಂದನ್ನು ಕೋರ್ಟಿನ ಕಪಾಟಿನಲ್ಲಿ ಹಳೆಯ ಫೈಲುಗಳ ಹಿಂದೆ ಸೇರಿಸಿದೆ. ಇನ್ನೊಂದನ್ನು ಮನೆಯಲ್ಲಿಟ್ಟರೆ ಯಾರಾದರೂ ಬನಹಟ್ಟಿಗೆ ಒಯ್ದಾರು ಎಂದು ಜಮಖಂಡಿಯ ರದ್ದಿಯವನಿಗೆ ಹಾಕಿಬಿಟ್ಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ. ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಜಮಖಂಡಿಯ ರದ್ದಿ, ಮುಧೋಳದ ರದ್ದಿ, ಬೀಳಗಿಯ ರದ್ದಿ, ಎಲ್ಲವೂ ಕೊನೆಗೆ ಬಂದು ಬೀಳುವುದು ಬನಹಟ್ಟಿಯ ಸೀರೆ ಅಂಗಡಿಗಳಿಗೇ. ಬೇರೆ ಯಾರೇ ಆಗಿದ್ದರೂ ಒಲೆಗೆ ಹಾಕುತ್ತಿದ್ದರು. ಅಚ್ಚಾದ ಕಥೆಯನ್ನು ಸುಡಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಹೊಸ ಕಥೆ ಓದಲು ಹೋದಾಗ ಚನ್ನಬಸುವಿನ ಕೈ ನಿಲ್ಲಲಿಲ್ಲ. ಅದರ ಮುಂದಿನದಕ್ಕೂ ನಿಲ್ಲಲಿಲ್ಲ. ಚಹಾ ತರಿಸುತ್ತಿದ್ದ, ಮಕ್ಕಳ ಕ್ಷೇಮ ಕೇಳುತ್ತಿದ್ದ, ಕಥೆ ಕೇಳುತ್ತ ಒಂದಾದ ಮೇಲೊಂದು ಸೀರೆ ಮಡಿಚಿಡುತ್ತಿದ್ದ. ನನ್ನ ಕಥೆಗಳೇ ಸೊರಗಿವೆ ಎಂದುಕೊಂಡೆ. ತಿದ್ದಿದೆ, ಹರಿದೆ, ಮತ್ತೆ ಬರೆದೆ. ಆರು ವರ್ಷದಲ್ಲಿ ಒಂದು ಸಲವೂ ಆ ಕೈ ನಿಂತಿಲ್ಲ. ಬರಬರುತ್ತ ಹೋಗುವುದೇ ಕಡಿಮೆಯಾಯಿತು. ನಿವೃತ್ತಿಯಾದ ಮೇಲಂತೂ ಬರೆದದ್ದನ್ನು ಹಿತ್ತಲಿನಲ್ಲಿ ಕೂತು ನನಗೆ ನಾನೇ ಓದಿಕೊಳ್ಳುತ್ತಿದ್ದೆ. ಜಮಖಂಡಿಯ ನಮ್ಮ ಮನೆಯ ಸುತ್ತ ಲೂಮಿಲ್ಲ, ಸದ್ದಿಲ್ಲ. ಆದರೂ ಹಳೆಯ ರೂಢಿಯಂತೆ ಕೂಗಿಯೇ ಓದುತ್ತಿದ್ದೆ. ನೆರೆಮನೆಯವರು ಏನೆಂದುಕೊಂಡರೋ.

ಈ ವರ್ಷದ ಯುಗಾದಿಯ ಆಸುಪಾಸಿನಲ್ಲಿ ಬೆಂಗಳೂರಿನಿಂದ ಫೋನು ಬಂತು. ಉತ್ತರದ ಜಿಲ್ಲೆಗಳ ಕಥೆಗಾರರದೊಂದು ಸಂಕಲನ ತರುತ್ತಾರಂತೆ, ಅದರಲ್ಲಿ ಆ ಗೋಡೆಯ ಕಥೆಯನ್ನೇ ಹಾಕಬೇಕಂತೆ. ನನ್ನ ಒಪ್ಪಿಗೆ ಬೇಕು ಎಂದರು. ಪುಸ್ತಕದೊಳಗೆ ನನ್ನ ಕಥೆ! ಬಾಯ್ತುಂಬ ಹೂಂ ಎನ್ನಬೇಕಾದವನು "ಹದಿನೈದು ದಿನ ಟೈಮ್ ಕೊಡ್ರಿ" ಎಂದೆ. ಪತ್ರಿಕೆಯಾದರೆ ತಿಂಗಳಿಗೆ ರದ್ದಿಯಾಗುತ್ತದೆ, ಪುಸ್ತಕ ಕಪಾಟಿನಲ್ಲಿ ಕೂರುತ್ತದೆ. ಈ ಸಲ ಅವನನ್ನು ಕೇಳದೆ ಆಗದು ಎನಿಸಿತು. ಕೇಳಿದರೆ ಇದ್ದೊಬ್ಬ ಗೆಳೆಯನೂ ಕೈಬಿಡಬಹುದು ಎಂಬ ಭಯವನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ.

ಮಧ್ಯಾಹ್ನ. ಕರೆಂಟು ಹೋಗಿ ಲೂಮುಗಳು ನಿಂತಿದ್ದವು. ಬನಹಟ್ಟಿ ಅಷ್ಟು ಸುಮ್ಮನಿದ್ದದ್ದು ನೋಡಿ ಇನ್ನಷ್ಟು ಅಳುಕಾಯಿತು.

"ಒಂದ ಕಥಿ ಪುಸ್ತಕದಾಗ ಹಾಕ್ತಾರಂತ" ಎಂದೆ. "ನಿನಗ ಓದಿ ಹೇಳಿಲ್ಲ ಅದನ್ನ."

"ಗ್ವಾಡೀದೇನು?" ಎಂದ ಚನ್ನಬಸು, ಕೈಯಲ್ಲಿದ್ದ ಸೀರೆಯ ಅಂಚು ಸರಿಮಾಡುತ್ತ.

"ನಿನಗ ಹೆಂಗ ಗೊತ್ತಾತು?" ಎಂದೆ.

"ನಾ ಓದೇನಿ" ಎಂದ. "ಪೂರ್ತಿ ಇಲ್ಲ. ರದ್ದ್ಯಾಗ ಬಂದಿತ್ತು. ಪಿನ್ ಕಿತ್ತಿ ಹಾಳಿ ಬಿಚ್ಚಿದ್ರ ಎಡಕ್ಕ ಎಂಟನೇ ಪುಟ, ಬಲಕ್ಕ ನಲವತ್ತೊಂದು. ಎಂಟರಾಗ ಕೂದಲೆಣ್ಣಿ ಜಾಹೀರಾತ ಇತ್ತು. ನಲವತ್ತೊಂದರಾಗ ನಾ ಇದ್ನಿ."

"ನನ್ನ ಹೆಸರ ಇತ್ತೇನು ಅದರಾಗ?" ಎಂದೆ.

"ಬರದವರ ಹೆಸರ ಇರಲಿಲ್ಲ. ಆದ್ರ ಆಕಿ ಆಡಿದ್ದ ಮಾತ ಇತ್ತಲ್ಲೋ. ಅದನ್ನ ನಿನ್ನೊಬ್ಬನ ಮುಂದ ಹೇಳಿದ್ನಿ ನಾ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನನ್ನ ಹೆಗಲ ಮೇಲೆ ಕುಂಬಳಕಾಯಿಯೇ ಕೂತಿತ್ತು. "ಆ ಹಾಳಿ ಏನ ಮಾಡಿದಿ?" ಎಂದಷ್ಟೇ ಕೇಳಿದೆ.

"ಘಡ್ಯಾಗಿಟ್ಟ ಕಳಿಸಿದ್ನಿ. ಮತ್ತೇನ ಮಾಡೂದು?" ಇನ್ನೊಂದು ಸೀರೆ ಎಳೆದುಕೊಳ್ಳುತ್ತ ಕೇಳಿದ, "ಕಡೀಕ ಅಂವ ಏನ ಮಾಡ್ತಾನೋ? ಆ ಗಂಡ?"

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಬಾಗಲಾಗ ಕುಂದರ್ತಾನ. ಕರ್ಯಾಕ ಹೋಗೂದಿಲ್ಲ."

"ನಾ ಹೋಗಿದ್ನಿ" ಎಂದ ಚನ್ನಬಸು. "ಮೂರ ಸಲ."

ಹೇಳುತ್ತ ಹೋದ. ಮೊದಲ ಸಲ ಹೋದಾಗ ಅವಳ ಅಣ್ಣ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟ. ಒಳಗೆ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಇವನು ಬಂದದ್ದು ತಿಳಿದೂ ಆ ಸಪ್ಪಳ ನಿಲ್ಲಲಿಲ್ಲ. ಎರಡನೆಯ ಸಲ ತನ್ನ ಕೈಯಾರೆ ಘಡಿ ಹಾಕಿದ ಒಂದು ಸೀರೆ ಒಯ್ದ. ಸೀರೆ ತೆಗೆದುಕೊಂಡಳು, ಊಟಕ್ಕೆ ಬಡಿಸಿದಳು, ಬರಲಿಲ್ಲ. ಮೂರನೆಯ ಸಲ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಗಲಗಲಿಯ ಸ್ಟ್ಯಾಂಡಿನಲ್ಲಿ ಇಳಿದವನು ಮುಂದೆ ಹೆಜ್ಜೆ ಇಡಲಾರದೆ ಅಲ್ಲೇ ಎರಡು ತಾಸು ಕೂತು, ಅದೇ ಬಸ್ಸಿಗೆ ಮರಳಿದ. "ಕಂಡಕ್ಟರ ಅಂದ, ಏನ್ರೀ ಇಳದವರ ಮತ್ತ ಹತ್ತೀರಲ್ಲ ಅಂತ."

ಜಮಖಂಡಿಯಲ್ಲಿ ಬಸ್ಸು ಬದಲಿಸಿದ್ದ. ಸ್ಟ್ಯಾಂಡಿನಿಂದ ಕೋರ್ಟಿಗೆ ಎಷ್ಟು ದೂರ?

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ" ಎಂದ. ಸಿಟ್ಟಿಲ್ಲದೆ ಹೇಳಿದ. ಮೂವತ್ತು ವರ್ಷ ವಾದಿಯದೂ ಪ್ರತಿವಾದಿಯದೂ ಹೇಳಿಕೆ ಟೈಪು ಮಾಡಿ ಬೆರಳು ಸವೆಸಿದವನು ನಾನು. ನನ್ನ ಗೆಳೆಯನ ಹೇಳಿಕೆ ಪಡೆಯದೆ ತೀರ್ಪು ಬರೆದು ಅಚ್ಚು ಹಾಕಿಸಿದ್ದೆ.

ಹೊರಡುವಾಗ ಅವನೇ ಹೇಳಿದ, "ಹಾಕಿಸು. ಪುಸ್ತಕದಾಗ ಬರ್ತೈತಿ ಅಂದ್ರ ಸಣ್ಣ ಮಾತಲ್ಲ. ಆದ್ರ ಒಂದ ಸಾಲ ಸೇರಸು. ಅಂವ ಮೂರ ಸಲ ಕರ್ಯಾಕ ಹೋಗಿದ್ದ ಅಂತ. ಒಂದ ಸಾಲ ಸಾಕು."

"ಅದೆಷ್ಟರ ಮಾತು!" ಎಂದು ಅವನ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಹಿಪ್ಪರಗಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕುಂಟುತ್ತ ಬರುವಾಗ ಹಾಡು ಗುನುಗುತ್ತಿದ್ದೆನೆಂದು ಕಾಣುತ್ತದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಮನೆಗೆ ಬಂದು ಆ ಸಾಲು ಸೇರಿಸಲು ಕೂತೆ. ಮೊದಲಿಗೆ ಹಾಕಿ ನೋಡಿದೆ. ಮೂರು ಸಲ ಹೋಗಿ ಬಂದವನು ಬಿಗುಮಾನದವನು ಹೇಗಾಗುತ್ತಾನೆ? ನಡುವೆ ಹಾಕಿದೆ. ಗೋಡೆಯ ಮಾತು ಸಪ್ಪಗಾಯಿತು. ಕೊನೆಗೆ ಹಾಕಿದರೆ ಅವನು ಬಾಗಿಲಲ್ಲಿ ಕೂರುವುದೇ ಸುಳ್ಳಾಯಿತು. ಎಲ್ಲಿ ಸೇರಿಸಿದರೂ ಆ ಒಂದು ಸಾಲು ನಿಲ್ಲುತ್ತಿತ್ತು, ಸುತ್ತಲಿನದು ಉದುರುತ್ತಿತ್ತು. ಕಥೆಯನ್ನೇ ಹೊಸದಾಗಿ, ಹೋಗಿ ಬಂದವನ ಕಥೆಯಾಗಿ ಬರೆಯೋಣವೆಂದು ಹೊರಟೆ. ಒಳಗೆ ರೊಟ್ಟಿ ಬಡಿಯುವಲ್ಲಿಗೆ ಬಂದು ನಿಂತುಬಿಟ್ಟೆ. ಆ ಪಡಸಾಲೆಯಲ್ಲಿ ಕೂತವನು ಅವನು, ನಾನಲ್ಲ. ಹದಿನಾಲ್ಕನೆಯ ದಿನ ಬೆಂಗಳೂರಿಗೆ ಫೋನು ಮಾಡಿ ಆ ಕಥೆ ಬೇಡ ಎಂದೆ.

"ಪರವಾಗಿಲ್ಲ ಸಾರ್" ಎಂದರು ಅತ್ತ ಕಡೆಯವರು. "ಹೇಗೂ ನಮಗೆ ಪುಟ ಜಾಸ್ತಿ ಆಗಿತ್ತು."

ಅರ್ಧ ನಿಮಿಷದಲ್ಲಿ ಮುಗಿಯಿತು. ಇಷ್ಟು ದೊಡ್ಡದೊಂದನ್ನು ಬಿಟ್ಟುಕೊಟ್ಟೆ ಎಂದುಕೊಂಡು ಬೆವರು ಒರೆಸಿಕೊಳ್ಳುತ್ತ ಕೂತೆ. ಬಿಟ್ಟದ್ದು ಅತ್ತ ಯಾರಿಗೂ ಗೊತ್ತಾಗಿರಲಿಲ್ಲ, ಇತ್ತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹೆಂಡತಿ ಸಂತೆಗೆ ಹೋಗಿದ್ದಳು.

ಎರಡು ತಿಂಗಳು ಬನಹಟ್ಟಿಯ ಕಡೆ ಮುಖ ಹಾಕಲಿಲ್ಲ. ಹೋದ ವಾರ ತಡೆಯಲಾರದೆ ಹೋದೆ. ಲೂಮುಗಳು ನಡೆದಿದ್ದವು. ಚನ್ನಬಸು ನನ್ನ ಚೀಲವನ್ನೇ ನೋಡಿದ.

"ಪುಸ್ತಕ ಬಂತೇನೋ?" ಎಂದು ಕೂಗಿ ಕೇಳಿದ.

"ನನ್ನ ಕಥಿ ಹಾಕಲಿಲ್ಲೋ ಅವರು" ಎಂದು ಕೂಗಿ ಹೇಳಿದೆ.

ಅವನ ಮುಖ ಸಣ್ಣದಾಯಿತು. ನನ್ನ ಹತ್ತಿರಕ್ಕೆ ಸರಿದು, ಕಿವಿಯ ಬಳಿ ಬಾಗಿ ಕೇಳಿದ, "ನನ್ನ ಸಾಲ ಸೇರಿಸಿದ್ದಕ್ಕ ಬ್ಯಾಡಂದ್ರೇನು? ಅದರಿಂದ ಕಥಿ ಕೆಟ್ಟಿತೇನು?"

"ಏ ಇಲ್ಲೋ" ಎಂದೆ. "ಅದೊಂದ ಸಾಲ ಭಾಳ ಛಲೋ ಐತಿ ಅಂದ್ರು. ಉಳದದ್ದು ಸೇರಲಿಲ್ಲಂತ."

ಚನ್ನಬಸು ತಲೆದೂಗಿದ.

"ಹಂಗಾದ್ರ ಅವರು ತಿಳದವರ ಅದಾರ ಬಿಡು."